ಒಂಬತ್ತನೇ ಡೆಕ್ಕಿನಿಂದ

ರೆಜಿನಾ, ನೀನಂದದ್ದು ಸರಿ.
"ಸಮುದ್ರ ಸೀಳಿದ್ದು ನಡೆದು ದಾಟಲಿಕ್ಕೆ,
ತೇಲಿಕೊಂಡು ತಿಂದು ಮಲಗಲಿಕ್ಕಲ್ಲ" ಎಂದು
ಫೋನಿಟ್ಟೆಯಲ್ಲ ಪಟ್ಟನೆ,
ಆ ಸದ್ದು ಇಜ್ಮೀರಿನ ಬಂದರಲ್ಲಿ
ನನ್ನ ಜೊತೆಗೇ ಹಡಗು ಹತ್ತಿತು.

ಏನು ಮಾಡಲಿ.
ಮಗ ಮಾರ್ಸೆಯಲ್ಲಿ, ಮಗಳು ಟೊರಾಂಟೊದಲ್ಲಿ.
ಈ ಪಸ್ಕ ಯಾರ ಮನೆಯಲ್ಲೆಂಬ ಜಗಳ ಬೇಡವೆಂದು
ಯಾರ ಮನೆಯೂ ಅಲ್ಲದ ನೀರನ್ನು ಆರಿಸಿದರು.
ಟಿಕೆಟ್ಟು ತೆಗೆದ ಮೇಲೆ ನನ್ನನ್ನು ಕೇಳಿದರು.

ನಲವತ್ತಾರು ವರ್ಷ ಕಪಾಟು ಕಪಾಟು ಕೊಡವಿ,
ಮಂಚದಡಿ ಮೊಣಕಾಲೂರಿ, ಗರಿ ಹಿಡಿದು, ಬತ್ತಿ ಹಿಡಿದು
ಹುಳಿಹಿಟ್ಟಿನ ಕಣ ಹುಡುಕಿದ ಕೈಗೆ
ಇಲ್ಲಿ ಕೆಲಸವೇ ಇಲ್ಲ. ಇಬ್ಬರು ಹುಡುಗರು
ದಿನಕ್ಕೆರಡು ಸಲ ಗುಡಿಸುತ್ತಾರೆ,
ಟವೆಲನ್ನು ಮಡಿಸಿ ಆನೆ ಮಾಡಿಟ್ಟು ಹೋಗುತ್ತಾರೆ.
ಆದರೂ ಹಬ್ಬದ ಹಿಂದಿನ ರಾತ್ರಿ ನಿದ್ದೆ ಬಾರದೆ
ಕೋಟಿನ ಜೇಬಿಗೆ ಕೈ ಹಾಕಿದೆ:
ಎಳ್ಳು. ಮೂರೇ ಮೂರು.
ಬಂದರಿನ ಬಳಿ ಅವಸರದಲ್ಲಿ ತಿಂದ
ಸಿಮಿತ್ ರೊಟ್ಟಿಯ ಬಳೆಯದು.
ಎಷ್ಟು ಖುಷಿಯಾಯಿತು ಗೊತ್ತೆ!
ಸುಡೋಣವೆಂದರೆ, ಕಡ್ಡಿ ಗೀರಿದರೆ
ಇಡೀ ಹಡಗಿಗೆ ಗಂಟೆ ಹೊಡೆಯುತ್ತದಂತೆ.
ಕಟಕಟೆಗೆ ಒರಗಿ ಊದಿಬಿಟ್ಟೆ ಸಮುದ್ರಕ್ಕೆ.
ಗಾಳಿ ಒಂದನ್ನು ಹೆಕ್ಕಿ ತಂದು
ನನ್ನ ಕನ್ನಡಕಕ್ಕೇ ಅಂಟಿಸಿತು.

ಸಂಜೆ ಊಟದ ಹಾಲಿನ ಮೂಲೆಯಲ್ಲಿ
ನಮ್ಮಂಥವರದೇ ಹನ್ನೆರಡು ಮೇಜು.
ದೀಪಗಳು ಬ್ಯಾಟರಿಯವು,
ಊದಿದರೂ ಆರವು, ಉರಿದರೂ ಕರಗವು.
ಕಹಿಸೊಪ್ಪು ಕಹಿಯೇ ಇತ್ತು, ಅಷ್ಟರ ಮಟ್ಟಿಗೆ ಪುಣ್ಯ.
ಮೊಟ್ಟೆ ಮಾತ್ರ ಬೆಳ್ಳಗೆ, ಆಸ್ಪತ್ರೆಯ ಮೊಟ್ಟೆ.
ಚಳಿಗಾಲವಿಡೀ ಕೂಡಿಟ್ಟ ಈರುಳ್ಳಿ ಸಿಪ್ಪೆಯ ಚೀಲ
ಪೆಟ್ಟಿಗೆಯಲ್ಲಿ ತಂದಿದ್ದೆ. ತಪಾಸಣೆಯವನು ಮೂಸಿ ನೋಡಿ
"ಔಷಧವೇ?" ಅಂದ. ಹೌದೆಂದೆ.
ಅಡುಗೆಮನೆಯವರು ನಗುನಗುತ್ತಲೇ ಬೇಡವೆಂದರು.
ರಾತ್ರಿಯಿಡೀ ಸಣ್ಣುರಿಯಲ್ಲಿ ಕೂತು ಕಂದಿದ
ಅಮ್ಮನ ಮೊಟ್ಟೆಗಳ ಬಣ್ಣವನ್ನು
ಮೊಮ್ಮಗನಿಗೆ ಹೇಗೆ ಹೇಳಲಿ?
ನನ್ನಪ್ಪನ ಬೂಟಿನ ಬಣ್ಣ ಅಂದೆ.
"ಛೀ" ಅಂದ.

ಆಮೇಲೆ ಹುಳಿಯಿಲ್ಲದ ರೊಟ್ಟಿಯನ್ನು ವಸ್ತ್ರದಲ್ಲಿ ಕಟ್ಟಿ
ಅವನ ಹೆಗಲಿಗೇರಿಸಿದೆವು, ನಮ್ಮನೆಯ ಕ್ರಮದಂತೆ.
"ಎಲ್ಲಿಂದ ಬಂದೆಯಪ್ಪಾ?" ಮೇಜಿಗೆ ಮೇಜೇ ಕೇಳಿತು.
ಐಗುಪ್ತದಿಂದ ಎನ್ನಬೇಕಾದ ಪೋರ,
ಏಳು ವರ್ಷದ ವಿತಾಲಿ, ತಾತನ ಹೆಸರಿನವ,
"ಒಂಬತ್ತನೇ ಡೆಕ್ಕಿನಿಂದ" ಎಂದ.
"ಎಲ್ಲಿಗೆ ಹೊರಟೆ?"
ಸ್ವಲ್ಪ ಯೋಚಿಸಿ, "ಲಿಫ್ಟು ಸಿಕ್ಕರೆ, ಈಜುಕೊಳಕ್ಕೆ."

ನಕ್ಕೆವು ರೆಜಿನಾ, ಪಕ್ಕೆ ಹಿಡಿದುಕೊಂಡು.
ಮಗಳು ಮಾತ್ರ ನಗದೆ ಅವನನ್ನೆಳೆದು ಕೂರಿಸಿ
ಕಿವಿಯಲ್ಲಿ ಉರು ಹೊಡೆಸಿದಳು: ಐಗುಪ್ತ, ಯೆರೂಸಲೇಮು.
ಅವಳು ಏಳರವಳಿದ್ದಾಗ, ನಿನ್ನ ಮೇಜಿನಲ್ಲೇ,
"ಪಕ್ಕದ ಕೋಣೆಯಿಂದ" ಎಂದಿದ್ದಳು, ನೆನಪಿದೆಯೆ?
ನಾನು ಬಾಯಿ ಬಿಡಲಿಲ್ಲ.

ಎಲೀಯನಿಗೆ ಬಾಗಿಲು ತೆರೆಯುವುದು ಅಳಿಯನ ಕಡೆಯ ಪದ್ಧತಿ.
ಇಲ್ಲಿನದು ಗಾಜಿನ ಬಾಗಿಲು,
ಯಾರು ಬಂದರೂ ತಾನೇ ಸರಿದುಕೊಳ್ಳುತ್ತದೆ.
ಹಾಗೆ ನೋಡಿದರೆ ಪ್ರವಾದಿ
ಸಂಜೆಯಿಂದ ನೂರು ಸಲ ಬಂದು ಹೋಗಿದ್ದ.
ಅಳಿಯ ಗಂಭೀರವಾಗಿ ಎದ್ದು ಹೋಗಿ ನಿಂತ. ಸರಿಯಿತು ಬಾಗಿಲು.
ಹೊರಗೆ ಗಾಡಿ ತಳ್ಳುತ್ತಿದ್ದ ಹುಡುಗ,
ಗಾಡಿಯ ಮೇಲೆ ಮೂರಂತಸ್ತಿನ ಕೆನೆಕೇಕು.
ನಮ್ಮೆಲ್ಲರ ಕಣ್ಣೂ ತನ್ನ ಮೇಲೇ ಇರುವುದ ಕಂಡು
"ಸಾರಿ, ಸಾರಿ" ಎಂದು ಹಿಂದಕ್ಕೆ ಹಿಂದಕ್ಕೆ ಹೋದ.

ನಿನ್ನಲ್ಲಿ ಎಂಟು ಜನ ಸೇರಿದ್ದರಂತೆ,
ಕೆಳಮನೆಯ ಆ ವಾಚಾಳಿ ದಂತವೈದ್ಯನೂ ಬಂದಿದ್ದನಂತೆ.
ಹೊಟ್ಟೆ ಉರಿಯಿತು.

ಶುಕ್ರವಾರ ಬಂದರು ಮುಟ್ಟುತ್ತೇವೆ,
ಹಬ್ಬ ಇನ್ನೆರಡು ದಿನ ಇರುತ್ತದೆ.
ಸಿಪ್ಪೆಯ ಚೀಲ ಹಾಗೇ ಇದೆ, ಹೆಗಲಿಗೇರಿಸಿ ತರುತ್ತೇನೆ.
ಒಲೆ ಸಣ್ಣಗೆ ಇಟ್ಟಿರು. ಮೊಟ್ಟೆ ಕಂದು ಬಣ್ಣದ್ದು ತರಬೇಡ, ಮೋಸ.
ಕದ ತೆರೆದು, ಸಿಟ್ಟಿದ್ದರೆ ಸಿಟ್ಟಿನಲ್ಲೇ,
ಎಲ್ಲಿಂದ ಬಂದೆ ಅಂತ ಒಮ್ಮೆ ಕೇಳು.
ಏನನ್ನಬೇಕೋ ಇನ್ನೂ ಗೊತ್ತಾಗಿಲ್ಲ.
ಮೆಟ್ಟಿಲು ಹತ್ತುವಾಗ ಯೋಚಿಸುತ್ತೇನೆ.