ಆರು ತೂತಿನ ತಗಡು

ಅಕ್ಕಿಪೇಟೆಯ ನಮ್ಮ ಸಂದಿಗೆ ಆಟೋ ಬರಲ್ಲ.
ಮೂಟೆ ಹೊತ್ತವರಿಗೆ ದಾರಿ ಬಿಡುತ್ತ ನಡೆದೇ ಬಂದರು
ಮದುಮಗಳು ಮೇದಿನಿ, ಹಿಂದೆ ಅವಳ ಅತ್ತೆಯಾಗುವಾಕೆ,
ಬೆಳ್ಳಿ ಕೂದಲು, ಬಿಸಿಲಿಗೆ ಬೆಂದ ಮೂಗು.
ಐರ್ಲೆಂಡಂತೆ ಊರು. ಹೆಸರು ನೂಲಾ.
ನೂಲೇ? ಅಂದೆ. ಹೂಂ, ನೂಲಾ.
ಸರಿ, ಎರಡು ಮನೆ ಹೊಲಿಯಲಿಕ್ಕೆ
ಯಾವುದೋ ಒಂದು ನೂಲು ಬೇಕಲ್ಲ.

ಚಾಪೆ ಹಾಸಿದೆ. ಕೆಳಗೆ ತಮ್ಮನ ಸಲೂನಿನಿಂದ
ಕತ್ತರಿಯ ಸದ್ದು, ಟಿವಿಯ ಕ್ರಿಕೆಟ್ಟು.
ನಲವತ್ತೊಂದು ವರ್ಷದ ಓಲಗ ನನ್ನದು.
ಸಿನಿಮಾ ಹಾಡು ಕೇಳಿದವರಿದ್ದಾರೆ,
ವರಪೂಜೆಗೆ ಪೆರೇಡಿನ ಮಟ್ಟು ಕೇಳಿದ
ಸುಬೇದಾರರೊಬ್ಬರೂ.
ಇದು ಹೊಸದು:
"ಅವರ ಕಡೆಯ ಹಳೇ ಮಟ್ಟು ಒಂದು ಬೇಕು, ಮಾಮ,
ತಾಳಿ ಕಟ್ಟುವಾಗ. ಯಾವುದು ಅಂತ ನೀವೇ ಹೇಳಿ."

ಆಯಮ್ಮ ಕೈಚೀಲದಿಂದ ತೆಗೆದರು
ಒಂದು ತಗಡಿನ ಪೀಪಿ. ಆರು ತೂತು.
ಹಟ ಮಾಡುವ ಮಕ್ಕಳಿಗೆ ಕೊಡಿಸುವಂಥದು ಅಂದುಕೊಂಡೆ.
ತುಟಿಗಿಟ್ಟ ಮೇಲೆ
ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡೆ.

ಮೊದಲನೆಯದು ಕುಣಿತ.
ತಕಿಟ ತಕಿಟ ತಕಿಟ ತಕಿಟ,
ಗೋಡೆಗೊರಗಿದ್ದ ನನ್ನ ಮಗನ ಬೆರಳು
ಡೋಲಿಲ್ಲದೆ ಮೊಣಕಾಲ ಮೇಲೇ ಓಡಿತು.
ಚೆನ್ನಾಗಿದೆ, ಊಟದ ಪಂಕ್ತಿಗಿರಲಿ,
ಎಲೆಗೆ ಹೋಳಿಗೆ ಬೀಳುವಾಗ.

ಎರಡನೆಯದು ಕುದುರೆಯ ಓಟ.
ಪುರೋಹಿತರಿಗೆ ಮಂತ್ರ ತಪ್ಪುತ್ತೆ ಅಂದೆ.
ಮೇದಿನಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು,
ಆಯಮ್ಮ ನಕ್ಕರು, ಬೀಡಿ ಸೇದುವವರ ಹಾಗೆ.
ಮೂರನೆಯದು ಜೋಗುಳ.
ಅದಕ್ಕಿನ್ನೂ ಟೈಮಿದೆ.

ನಾಲ್ಕನೆಯದಕ್ಕೆ ಕಣ್ಣು ಮುಚ್ಚಿಕೊಂಡರು.
ತಾಳವಿಲ್ಲ. ಉಸಿರು ಮುಗಿದಲ್ಲಿ ಸಾಲು ಮುಗಿಯಿತು.
ಗಾಂಧಾರ ಸ್ವಲ್ಪ ಬಾಗಿ, ನಿಷಾದದ ಹೊಸ್ತಿಲಲ್ಲಿ ನಿಂತು,
ದಾಟಲಾರದೆ, ಏನೋ ಮರೆತು ಬಂದವರಂತೆ
ಮತ್ತೆ ಒಳಗೆ ಹೋಯಿತು.
ಖರಹರಪ್ರಿಯ ಅನ್ನಲೇ? ಅನ್ನಬಹುದು.
ಅಪ್ಪ ಇದ್ದಿದ್ದರೆ, "ಸುಮ್ಮನೆ ಕೇಳೋ,
ಹೆಸರು ಆಮೇಲಿಡು," ಅಂತಿದ್ದ.

ಇದೇ, ಅಂದಳು ಮೇದಿನಿ. ಮುಹೂರ್ತಕ್ಕೆ ಇದೇ.

ನಿಮ್ಮೂರಲ್ಲಿ ಇದನ್ನು ಯಾವಾಗ ನುಡಿಸೋದು, ಕೇಳಿದೆ.
ಆಯಮ್ಮ ತಗಡು ಒರೆಸುತ್ತ ಕೂತರು.
ಹಡಗು ಹತ್ತುವ ಹಿಂದಿನ ರಾತ್ರಿಯಂತೆ.
ಹೋದವರು ತಿರುಗಿ ಬರುವುದಿಲ್ಲ ಅಂತ ಗೊತ್ತಿದ್ದು
ಕಣ್ಣೆದುರು ಉಸಿರಾಡುವ ಹುಡುಗಿಗಾಗಿ
ಊರೆಲ್ಲ ಕೂತು ಬೆಳಗಿನವರೆಗೆ ಅಳುತ್ತಿದ್ದರಂತೆ.
ಅವರಜ್ಜಿಯ ಅಕ್ಕ ಹೀಗೇ ಹೋದದ್ದು.
ಹೇಳಬೇಕು ಅಂತಿದ್ದೆ, ಅಂದರು.
ಮೇದಿನಿಯ ಮುಖ ಸಣ್ಣಗಾಯಿತು.

ಶಿವಶಿವಾ.
ಮುಖಾರಿಯನ್ನೇ ಮಂಟಪದ ಹತ್ತಿರ ಬಿಡದವನು ನಾನು.
ಯಾರದೋ ಸೀನು, ಯಾರದೋ ಬಿಕ್ಕು
ಆ ಗಳಿಗೆಯ ಕಿವಿಗೆ ಬೀಳದಿರಲಿ ಅಂತಲೇ ಗಟ್ಟಿಮೇಳ.
ಅಲ್ಲಿ ರಾಗ ಎಲ್ಲಿದೆಯಮ್ಮ,
ಅದು ಬರೀ ಸದ್ದಿನ ಬೇಲಿ.

ಅಂದವನು ಯಾಕೋ ಸೀವಾಳಿ ಒದ್ದೆ ಮಾಡಿದೆ.
ನಾದಸ್ವರಕ್ಕೆ ಪಿಸುಗುಟ್ಟಲು ಬರಲ್ಲ.
ಎರಡೇ ಸಾಲು ಹಿಡಿದೆ.
ಕೆಳಗೆ ಕತ್ತರಿ ನಿಂತಿತು.
ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೊಬ್ಬ
ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿ ನಿಂತ.

ಆಗ ನನ್ನವಳು, ಕಾಫಿ ಲೋಟ ಇಡುತ್ತ:
"ಹೆಣ್ಣೊಪ್ಪಿಸುವಾಗ ನುಡಿಸಿ.
ಹೇಗೂ ಎಲ್ಲರೂ ಅಳ್ತಿರ್ತಾರೆ,
ನೀವು ಮಾತ್ರ ಚೀಲ ಕಟ್ತಿರ್ತೀರ."

ನಿಜ. ನಲವತ್ತೊಂದು ವರ್ಷ
ಆ ಹೊತ್ತಿಗೆ ನನ್ನ ಕಣ್ಣು
ಬಾಕಿ ಕೊಡಬೇಕಾದ ಯಜಮಾನರ ಜೇಬಿನ ಮೇಲೆ.

ಮೇದಿನಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು:
ಹಾಲಿನ ಬಟ್ಟಲಲ್ಲಿ ನನ್ನ ಕೈ ಅದ್ದುತ್ತಾರೆ,
ತೊಟ್ಟಿಕ್ಕುವ ಆ ಕೈಯನ್ನು
ಅಮ್ಮ ನಿಮ್ಮ ಕೈಗಿಡುತ್ತಾಳೆ.
ಆಯಮ್ಮ ತಮ್ಮ ಅಂಗೈ ನೋಡಿಕೊಂಡರು.
ಹಾಲಾದ ಕೈಯಲ್ಲಿ ಪೀಪಿ ಹಿಡಿಯಲಾಗುವುದಿಲ್ಲ.
ಹಾಗಾದರೆ ನೀವೇ, ಅಂತ ನನ್ನ ಕಡೆ ಕತ್ತು ಹಾಕಿದರು.

ಅಡ್ವಾನ್ಸು ಎರಡು ಸಾವಿರ ಇಸಿದುಕೊಂಡೆ.
ಛತ್ರ ಎನ್. ಆರ್. ಕಾಲೋನಿ, ಬೆಳಗಿನ ಆರಕ್ಕೆ ಬರಬೇಕು.

ಈಗ ರಾತ್ರಿ. ಸಂದಿಯಲ್ಲಿ ಲಾರಿ ಇಳಿಸುತ್ತಿದ್ದಾರೆ.
ಊದದೆ, ಬರೀ ಬೆರಳಾಡಿಸಿ ನೋಡುತ್ತಿದ್ದೇನೆ.
ಆ ಮಟ್ಟಿಗೆ ಆರು ತೂತು ಸಾಕು.
ನನ್ನದಕ್ಕೆ ಏಳು.
ಮಿಕ್ಕ ಒಂದು ಬೆರಳು
ಎಲ್ಲಿ ನಿಲ್ಲಲಿ ಅಂತ ಕೇಳುತ್ತಿದೆ.