ಯಂತ್ರದ್ದು ಲೆಕ್ಕಕ್ಕಿಲ್ಲ

ಜನವರಿಯಲ್ಲೊಂದು ರಾತ್ರಿ ಅಲ್ ಐನ್‌ನಿಂದ ಇದಿನಬ್ಬ:
"ಆಲಿಕಲ್ಲು ಮಾರಾಯ, ನಿಂಬೆ ಗಾತ್ರ!
ಪಿಕಪ್ಪಿನ ಬಾನೆಟ್ಟಲ್ಲಿ ಹದಿನೇಳು ತಗ್ಗು,
ಎಣಿಸಿದ್ದೇನೆ."
ರಾಸ್ ಅಲ್ ಖೈಮಾದ ಮೊಂತು ಬಿಟ್ಟಾನೆಯೇ?
ಅವನೂರಿಗೆ ಜೈಸ್ ಬೆಟ್ಟವಿದೆ.
ಕಂಬಳಿ ಹೊದ್ದು ನಸುಕಿಗೇ ಹತ್ತಿ
ಕಾರಿನ ಗಾಜಿನಿಂದ ಕೆರೆದನಂತೆ,
ಬಸ್ ಕಾರ್ಡಿನ ಅಂಚಿನಲ್ಲಿ,
ಅರ್ಧ ಚಮಚ ಬಿಳುಪು.
"ಕೆರೆದದ್ದು ಹಿಮವಲ್ಲ" ಎಂದು ಇವನು.
"ಕಲ್ಲನ್ನು ಹಿಮ ಅನ್ನುವವ ನೀನೊಬ್ಬನೇ" ಎಂದು ಅವನು.

ತೀರ್ಪಿಗೆ ನನ್ನ ಕೋಣೆಗೇ ಬಂದರು,
ಒಬ್ಬ ಉಪ್ಪಿನಕಾಯಿ ಬಾಟಲಿಯಲ್ಲಿ
ಒಬ್ಬ ಫ್ಲಾಸ್ಕಿನಲ್ಲಿ
ಊರ ಮಾನ ಹೊತ್ತು.
ಮುಚ್ಚಳ ತೆರೆದರೆ ಎರಡರಲ್ಲೂ ನೀರು.
ಒಂದಕ್ಕೆ ಮಾವಿನಮಿಡಿ ವಾಸನೆ.
ಆಮೇಲೆ ಯಾರ ನೀರು ಹೆಚ್ಚು ತಣ್ಣಗೆಂದು
ಬೆರಳದ್ದಿ ಅದ್ದಿ ವಾದ.

ಅಜ್ಮಾನಿನ ಮೀನುಬಂದರಿನ ಐಸ್ ಪ್ಲಾಂಟಿನಲ್ಲಿ
ಹನ್ನೊಂದು ವರ್ಷದಿಂದ
ದಿನಕ್ಕೆ ನಾಲ್ಕು ಟನ್ನು ಪುಡಿ ಮಾಡುವವನು ನಾನು;
ಜುಲೈಯಲ್ಲೂ ಬೂಟಿನ ಮೇಲೆ ಬೆಳ್ಳಗೆ ಉದುರುತ್ತದೆ.
ಹೇಳಿ ನೋಡಿದೆ.
ಆ ರಾತ್ರಿ ಇಬ್ಬರೂ ಒಪ್ಪಿದ ಒಂದೇ ಮಾತು:
"ಯಂತ್ರದ್ದು ಲೆಕ್ಕಕ್ಕಿಲ್ಲ."

ಬೆಳಿಗ್ಗೆ ಹೊರಡುವಾಗ
ಪ್ಲಾಂಟಿನ ಗೇಟಿನಲ್ಲಿ ಇದಿನಬ್ಬ, ಮೆಲ್ಲಗೆ:
"ಬಾಟಲಿಯಷ್ಟು ಸಿಗಬಹುದಾ?
ಮೊಂತುವಿಗೆ ಹೇಳಬೇಡ."

ಹೇಳಲಿಲ್ಲ.
ಮೊಂತುವಿನ ಫ್ಲಾಸ್ಕು ಆಗಲೇ ತುಂಬಿತ್ತು.