ನೀರ ಬಿಡಾಂವ

ಹಾವೇರಿಯಿಂದ ವರ್ಗ ಆಗಿ ಬಂದ
ಲೆಕ್ಕ ವಿಭಾಗದ ಇಂದುಧರ ಸಾಹೇಬ್ರು
ಮೊದಲ ದಿನಾನ ಕೇಳಿದ್ರು:
ಮನಿ ಹಿಡೀಬೇಕಪಾ, ಬೆಳಗಾವ್ಯಾಗ
ಯಾವ ಏರಿಯಾ ಚಲೋ, ಯಾವ್ದು ಖರಾಬು?

ನಾ ಏನ್ ಹೇಳ್ಲಿ ಸಾಹೇಬ್ರ,
ನನಗ ಈ ಊರು ಗೊತ್ತಿರೂದು ನೆಲದ ಬುಡಕ.
ನಾಕು ಫೂಟಿನ ಕಬ್ಬಿಣದ ಚಾವಿ,
ಬಾಯಿ ತೆರೆದ ಚೇಂಬರು, ಅದರಾಗ ಜೊಂಡಿಗ.
ಎಡಕ್ಕ ತಿರುವಿದ್ರ ನೀರು,
ಬಲಕ್ಕ ತಿರುವಿದ್ರ ಬೈಗಳ.

ಕ್ಯಾಂಪಿನ ಮಾತು ಬಿಡ್ರಿ. ಅದು ಮಿಲಿಟರಿ ಲೆಕ್ಕ,
ನನ್ನ ಚಾವಿ ಅಲ್ಲಿ ಹತ್ತಂಗಿಲ್ಲ.
ದೊಡ್ಡ ದೊಡ್ಡ ಗಿಡ. ಬುಡಕ ನಿಂತ್ರ
ನೆರಳಿಗೂ ಪಾಸ್ ಕೇಳ್ತಾರೇನೋ ಅನಸ್ತೈತಿ.

ಟಿಳಕವಾಡಿ ನೋಡ್ರಿ. ಮೊದಲ್ನೇ ಗೇಟು,
ಎರಡ್ನೇ ಗೇಟು, ಮೂರ್ನೇ ಗೇಟು.
ರೈಲು ಬಂತಂದ್ರ ಅಲ್ಲಿ
ಕಾರಿನವಗೂ ನನಗೂ ಒಂದ ಸಾಲು.
ನಳದಾಗ ಹಗಲೂ ರಾತ್ರಿ ನೀರು.
ಅದಕ್ಕ ಹನ್ನೆರಡು ವರ್ಷ ಆದ್ರೂ
ಆ ಮನಿಗಳ ಮಂದಿ ಮಾರಿ ನಾ ನೋಡಿಲ್ಲ.
ಒಬ್ಬರೂ ಬೈದಿಲ್ಲ. ಚಹಾನೂ ಕೇಳಿಲ್ಲ.
ಚಲೋ ಏರಿಯಾ ಅಂದ್ರ ಇದ ಇರಬೇಕ್ರಿ,
ನೀರ ಬಿಡಾಂವ ಬೇಕಾಗದ ಜಾಗ.

ವಡಗಾವಿಯೊಳಗ ಎಂಟು ದಿನಕ್ಕೊಮ್ಮೆ.
ಬೆಳಗಿನ ಜಾವ ಮೂರೂವರಿಗೆ ಹೋದ್ರ
ಓಣಿ ತುಂಬ ಪವರ್‌ಲೂಮಿನ ಸಪ್ಪಳ,
ಮಾತಾಡಿದ್ರ ನನ್ನ ಮಾತು ನನಗ ಕೇಳಂಗಿಲ್ಲ.
ಚಾವಿ ತಿರುವತೇನಿ.
ಮೊದಲ ಗಾಳಿ ಬರ್ತೈತಿ, ಮುದುಕ ಕೆಮ್ಮಿದಂಗ.
ಆಮ್ಯಾಲ ಒಂದೊಂದ ಮಗ್ಗ ನಿಲ್ಲತಾವ.
ಕೊಡ ಹಿಡಿಯಾಕ ಕೈ ಬೇಕಲ್ರಿ.
ನಿಂತ ಸಪ್ಪಳ ಎಣಿಸಿ ನಾ ಹೇಳ್ತೇನಿ
ನೀರು ಎಷ್ಟನೇ ಮನಿ ಮುಟ್ಟೇತಿ ಅಂತ.

ಅದಕ್ಕೂ ತಳಗ ನಾಲಾದ ದಂಡಿ.
ಅಲ್ಲಿ ಹೊಲಸು ಐತ್ರಿ, ಸುಳ್ಳ ಯಾಕ ಹೇಳ್ಲಿ.
ವಾಸನಿ ಅಂಗಿ ಹಿಡಕೊಂಡು ಮನಿತನಕ ಬರ್ತೈತಿ.
ಬಾಳವ್ವನ ಗೋಡಿ ಮ್ಯಾಲ ಎರಡು ಸಾಲು ಗೆರಿ:
ಒಂದು ಮೊಮ್ಮಗನ ಎತ್ತರ, ವರ್ಷಾ ವರ್ಷಾ,
ಇನ್ನೊಂದು ನಾಲಾದ ನೀರು ಏರಿದ್ದು.
ಹುಡುಗ ಇನ್ನೂ ದಾಟಿಲ್ಲ.

ಹೋದ ವೈಶಾಖದಾಗ ಆಕಿ ಓಡಿ ಬಂದು
ಚಾವಿ ಹಿಡದಳು: ಸೊಸಿ ಹಡದಾಳ,
ಇನ್ನ ಹತ್ತ ಮಿಂಟ ಬಿಡೋ ಯಪ್ಪಾ.
ಅರ್ಧಾ ತಾಸು ಬಿಟ್ಟೆ.
ಮ್ಯಾಲಿನ ಕಾಲನಿಯೊಳಗ ಯಾರದೋ ಟಾಕಿ
ಮುಕ್ಕಾಲಕ್ಕ ನಿಂತಿತಂತ. ಒಂದ ಫೋನು.
ಮಧ್ಯಾಹ್ನಕ್ಕ ಮೆಮೊ. ಮೂರು ದಿನದ ಪಗಾರ ಕಟ್.
ಈಗ ನೀವು ಕೂತಿರಲ್ಲ,
ಆ ಟೇಬಲ್ಲಿನ ಮ್ಯಾಲಿಂದನ ಬಂತ್ರಿ ಕಾಗದ.

ನನ್ನ ಮನಿ ಎಲ್ಲಿ ಅಂತ ನೀವು ಕೇಳಿಲ್ಲ.
ಬಾಳವ್ವನ ಹಿಂದ, ಲೈನಿನ ಕಡೀ ನಳ.
ನೀರು ಅಲ್ಲಿ ಮುಟ್ಟೂದಕ್ಕ ಟೈಮ್ ಮುಗದಿರ್ತೈತಿ.
ಬಂದ್ ಮಾಡಾಂವ ನಾನ.

ಸಾಹೇಬ್ರು ತಲಿ ಅಲ್ಲಾಡಿಸಿ
ಎರಡ್ನೇ ಗೇಟಿನ ಹತ್ರ ಮನಿ ಹಿಡದ್ರು.
ಬಾಡಿಗಿ ಹದಿನಾಕು ಸಾವಿರ, ಮುಂದ ಮಲ್ಲಿಗಿ ಬಳ್ಳಿ.
ತಿಂಗಳಾಗಿತ್ತು, ಒಂದ ಐತವಾರ ಸಂಜಿಗೆ ಫೋನು:
ಮ್ಯಾಲಿನ ಟಾಕಿ ತುಂಬಿ ಸುರಿಯಾಕತ್ತೈತಿ,
ಯಾರಿಗೆ ಹೇಳಬೇಕೋ ತಿಳೀವಲ್ದು, ಬಾರೋ.

ಹೋದೆ. ಮುರದ ಬಾಲ್‌ಕಾಕಿಗೆ ದಾರ ಕಟ್ಟಿದೆ.
ಬಾಯಾರು ಕಪ್ಪು-ಬಶಿಯೊಳಗ ಚಹಾ ಕೊಟ್ರು,
ಹನ್ನೆರಡು ವರ್ಷದಾಗ ಆ ಕಡೆ ಮೊದಲ್ನೇದು. ಯಾಲಕ್ಕಿ ಹಾಕಿದ್ರು.
ಸಾಹೇಬ್ರು ಗೇಟಿನ ತನಕ ಬಂದು
ರಸ್ತಾದ ಮ್ಯಾಲಿನ ಹಸಿ ನೋಡಿ ಅಂದ್ರು:
ಛೇ, ಎಷ್ಟ್ ನೀರು. ಎಲ್ಲಿ ಹೋತೋ ಏನೋ.

ಎಲ್ಲಿ ಹೋಗತೈತ್ರಿ.
ಇಳಿಜಾರು ಹಿಡದು ಗಟಾರ, ಗಟಾರ ಹಿಡದು ನಾಲಾ.
ನಾ ಸೈಕಲ್ ಹತ್ತಿದೆ.
ಗೇಟು ಬಿದ್ದಿತ್ತು, ರೈಲು ದಾಟೂದಕ್ಕ ಹೊತ್ತಾತು.
ನಾ ಮುಟ್ಟೂದ್ರಾಗ ಅದು ನಮ್ಮ ಮನಿ ಮುಂದ ಹಾದಿತ್ತು.